ಘಾಟಿ ಜಾತ್ರೆಯ ಚಪ್ಪರಗಳ ನಂಟು

ಸಂಪಾದಕರೇ,

ದೊಡ್ಡಬಳ್ಳಾಪುರ ತಾಲ್ಲೂಕಿನ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ ಬಂತೆಂದರೆ ಪತ್ರಿಕೆಗಳಲ್ಲಿ ಲಕ್ಷಗಟ್ಟಲೆ ಬೆಲೆಯ ಹಳ್ಳಿಕಾರ್ ತಳಿಯ ಎತ್ತಿನ ಜೋಡಿಯ ಫೋಟೊ ಬರುತ್ತದೆ. ನೋಡಲು ಖುಷಿಯೇ. ಆದರೆ ಜಾತ್ರೆ ಅಂದರೆ ಅಷ್ಟೇನಾ?

ನಾನು ಚಿಕ್ಕಂದಿನಿಂದ ಅಲ್ಲಿಗೆ ಹೋಗುತ್ತಿದ್ದೇನೆ. ಪುಷ್ಯ ಮಾಸದ ರಥೋತ್ಸವಕ್ಕೆ ಮುಂಚೆ, ಕೊರೆಯುವ ಚಳಿಯಲ್ಲಿ ಬಯಲ ತುಂಬ ಚಪ್ಪರಗಳು ಏಳುತ್ತವೆ. ಪಕ್ಕದವರು ಯಾವ ಊರಿನವರೋ ಗೊತ್ತಿರುವುದಿಲ್ಲ, ಆದರೂ ನಮ್ಮ ಹುಲ್ಲು ಮುಗಿದರೆ ಕೇಳುವ ಮೊದಲೇ ಒಂದು ಹೊರೆ ತಂದು ಹಾಕುತ್ತಾರೆ, ನಾವು ಆಚೆ ಹೋದಾಗ ನಮ್ಮ ಎತ್ತುಗಳಿಗೂ ನೀರು ಕುಡಿಸುತ್ತಾರೆ, ರಾತ್ರಿ ಬೆಂಕಿ ಸುತ್ತ ಕೂತರೆ ಮುದ್ದೆ, ಅವರೆಕಾಳು ಸಾರು ಯಾರ ಪಾತ್ರೆಯದು ಅನ್ನೋ ಲೆಕ್ಕವೇ ಇಲ್ಲ. ಒಂದು ಸಲ ನಮ್ಮ ಎತ್ತಿಗೆ ಹೊಟ್ಟೆ ಉಬ್ಬರಿಸಿದಾಗ ಗುರುತಿಲ್ಲದ ಹಿರಿಯರೊಬ್ಬರು ಬೆಳಗಿನ ಜಾವದವರೆಗೆ ಜೊತೆಗೇ ಇದ್ದರು. ಹೆಸರು ಕೇಳುವುದೂ ಮರೆತುಹೋಯಿತು. ಹಲ್ಲು ನೋಡಿ ವಯಸ್ಸು ಹೇಳುವುದು, ಮೈಮೇಲಿನ ಕೂದಲ ಸುಳಿ ನೋಡುವುದು, ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದು, ಇದನ್ನೆಲ್ಲ ನಮ್ಮ ಹುಡುಗರು ಕಲಿಯುವುದು ಅಲ್ಲೇ.

ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕುವವರು ಕಡಿಮೆಯಾದರು. ಚರ್ಮಗಂಟು ರೋಗದ ಸಮಯದಲ್ಲಿ ಜಾತ್ರೆಗೆ ತಡೆ ಬಿದ್ದಾಗ ನಮ್ಮ ಮನೆಯಲ್ಲಿ ಹಬ್ಬವೇ ತಪ್ಪಿದಂತಾಯಿತು. ದನಗಳ ಆರೋಗ್ಯ ಮುಖ್ಯ, ಅಲ್ವಾ? ಹಾಗಾಗಿ ಜಾತ್ರೆಗೆ ಸಾಕಷ್ಟು ಮೊದಲೇ ಹಳ್ಳಿಗಳಲ್ಲಿ ಲಸಿಕೆ ಹಾಕಿಸಿ. ಬಯಲಿನಲ್ಲಿ ಜಾಸ್ತಿ ನೀರಿನ ತೊಟ್ಟಿ, ರಾತ್ರಿಗೆ ದೀಪ, ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕು.

ಪೇಟೆಯವರೂ ಮಕ್ಕಳನ್ನು ಕರ್ಕೊಂಡು ಬನ್ನಿ. ಸುಮ್ನೆ ಒಂದು ಸಂಜೆ ಚಪ್ಪರದಲ್ಲಿ ಕೂತು ಹೋಗಿ, ಊಟ ನಮ್ಮದು.

– ಒಬ್ಬ ರೈತ, ದೊಡ್ಡಬಳ್ಳಾಪುರ ತಾಲ್ಲೂಕು