ಆಟದ ಮೈದಾನದಲ್ಲಿ ಶಾಮಿಯಾನದ ಮೊಳೆ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಭದ್ರಾವತಿಯಲ್ಲಿ ನಮ್ಮ ಬಡಾವಣೆಯ ತಂಡಕ್ಕೂ ಪಕ್ಕದ ಬಡಾವಣೆಯ ತಂಡಕ್ಕೂ 20 ಓವರ್‌ಗಳ ಪಂದ್ಯವಿತ್ತು. ಅಂಪೈರ್ ಆಗಿ ನಿಂತವನು ನಾನು. ಮ್ಯಾಟ್ ಹಾಸಿ ಬಿಗಿಯಲು ಹುಡುಗರು ಬೆಳಿಗ್ಗೆ ಆರಕ್ಕೇ ಬಂದಿದ್ದರು.

ಕೊನೆಯ ಓವರ್, ಗೆಲ್ಲಲು ನಾಲ್ಕೇ ರನ್. ಮಿಡ್‌ವಿಕೆಟ್ ಕಡೆಗೆ ನುಗ್ಗಿದ ಚೆಂಡನ್ನು ಗ್ಯಾರೇಜಿನಲ್ಲಿ ದುಡಿಯುವ ಹುಡುಗನೊಬ್ಬ ಹಾರಿ ತಡೆದ. ಎದ್ದಾಗ ಅಂಗೈಯಿಂದ ರಕ್ತ ಸುರಿಯುತ್ತಿತ್ತು. ಹಿಂದಿನ ವಾರದ ಸಮಾರಂಭಕ್ಕೆ ಹಾಕಿದ್ದ ಶಾಮಿಯಾನದ ಮೊಳೆ, ತುಕ್ಕು ಹಿಡಿದು ಹುಲ್ಲಿನಲ್ಲಿ ಅರ್ಧ ಹೂತಿತ್ತು. ಎದುರಾಳಿ ತಂಡದ ನಾಯಕನೇ ಅವನನ್ನು ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಪಂದ್ಯ ಅಲ್ಲಿಗೇ ನಿಂತಿತು. ಕೈ ವಾಸಿಯಾಗುವವರೆಗೆ ಆ ಹುಡುಗನಿಗೆ ಕೂಲಿಯಿಲ್ಲ.

1969ರಲ್ಲಿ ಕಾನ್ಪುರದಲ್ಲಿ, ತಮ್ಮ ಮೊದಲ ಟೆಸ್ಟ್‌ನಲ್ಲೇ 137 ರನ್ ಹೊಡೆದ ಗುಂಡಪ್ಪ ವಿಶ್ವನಾಥ್ ಹುಟ್ಟಿದ ಊರು ಇದು! ಇಲ್ಲಿನ ಮಕ್ಕಳು ಚೆಂಡಿನ ಹಿಂದೆ ಓಡಲು ಹೆದರಬೇಕೇ? ಸಮಾರಂಭಕ್ಕೆ ಮೈದಾನ ಕೊಡಬೇಡಿ ಎನ್ನುವುದಿಲ್ಲ. ಆದರೆ ಶಾಮಿಯಾನ ಬಿಚ್ಚಿದ ದಿನವೇ ಮೊಳೆ, ಗಾಜಿನ ಚೂರು ಹೆಕ್ಕಿಸಿ, ನೆಲ ನೋಡಿದ ಮೇಲೆಯೇ ಸಂಬಂಧಪಟ್ಟವರು ಠೇವಣಿ ಹಿಂದಿರುಗಿಸಲಿ. ಬರುವ ಭಾನುವಾರ ಎರಡೂ ತಂಡದವರು ಆಟಕ್ಕೆ ಮೊದಲು ಬಕೆಟ್ ಹಿಡಿದು ಮೈದಾನಕ್ಕೆ ಇಳಿಯುತ್ತೇವೆ.

– ಹವ್ಯಾಸಿ ಅಂಪೈರ್, ಭದ್ರಾವತಿ