ಅತ್ತಿಗೆಗೆ, ಮತ್ತು ಜೊತೆಗಿದ್ದ ಎಲ್ಲರಿಗೂ

ನನ್ನ ಲ್ಯುಕೇಮಿಯಕ್ಕೆ, ಅಂದರೆ ರಕ್ತದ ಕ್ಯಾನ್ಸರಿಗೆ, ಕೀಮೋ ಆದ ಮೇಲೆ ಕೊಡುವ ಮೇಂಟೆನೆನ್ಸ್ ಮಾತ್ರೆಗಳು ಮುಗಿದವು. ಇನ್ನು ತಪಾಸಣೆಗೆ ಬಂದರೆ ಸಾಕು ಅಂದರು ಡಾಕ್ಟರ್. ರಕ್ತದ ಕೌಂಟು, ರಿಪೋರ್ಟು ಎಲ್ಲ ನಿಮಗೆ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ.

ಪ್ಲೇಟ್‌ಲೆಟ್ ಕೊಡಲು ಆಫೀಸಿಗೆ ರಜೆ ಹಾಕಿ ಬಂದವರಿಗೆ, ನನ್ನ ಕ್ಲಾಸುಗಳನ್ನು ಹಂಚಿಕೊಂಡ ಶಾಲೆಯ ಗೆಳತಿಯರಿಗೆ, ಆಸ್ಪತ್ರೆ ಹತ್ತಿರ ರೂಮು ಹುಡುಕಿಕೊಟ್ಟ ಅಣ್ಣನ ಸ್ನೇಹಿತರಿಗೆ, ರಾತ್ರಿ ಪಾಳಿಯ ನರ್ಸ್‌ಗಳಿಗೆ ಮನಸಾರೆ ವಂದನೆ.

ಅತ್ತಿಗೆಯ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಮುಗಿಸಲು ಆಗುವುದಿಲ್ಲ.

ಆ ಬಾಡಿಗೆ ರೂಮಿನಲ್ಲಿ ಇದ್ದದ್ದು ಒಂದೇ ಒಲೆ. ಕೀಮೋದಿಂದ ಬಿಳಿ ರಕ್ತಕಣ ಇಳಿದಾಗ ಸೋಂಕು ಬೇಗ ತಗಲುತ್ತದೆ, ಹಾಗಾಗಿ ಮೂರು ಹೊತ್ತೂ ಅನ್ನ ಹೊಸದಾಗಿ ಆಗಬೇಕು, ಬೆಳಗಿನದು ಮಧ್ಯಾಹ್ನಕ್ಕೆ ಇಲ್ಲ. ಕುದಿಸಿ ಆರಿಸಿದ ನೀರು. ಮೊಟ್ಟೆ ಗಟ್ಟಿಯಾಗಿ ಬೇಯಲೇಬೇಕು. ಸಾರಿಗೆ ಕೊನೆಯಲ್ಲಿ ಉದುರಿಸುವ ಕೊತ್ತಂಬರಿಯನ್ನೂ ಕುದಿಯುವಾಗಲೇ ಹಾಕುತ್ತಿದ್ದರು. ಹಸಿ ಹಣ್ಣು, ತರಕಾರಿ ಪೂರ್ತಿ ಬಿಟ್ಟರೆ ಸೋಂಕು ತಪ್ಪುತ್ತದೆ ಅಂತ ಅಧ್ಯಯನಗಳಲ್ಲಿ ಸಾಬೀತಾಗಿಲ್ಲ, ತೊಳೆಯುವುದು, ಬೇಯಿಸುವುದು, ತಾಜಾ ತಿನ್ನುವುದು ಮುಖ್ಯ ಅಂತ ಡಯಟಿಷಿಯನ್ ಹೇಳಿದ್ದರು. ಹಾಗಾಗಿ ಬಾಳೆಹಣ್ಣು, ಕಿತ್ತಳೆ ನಿಲ್ಲಲಿಲ್ಲ. ಮನೆಯಲ್ಲೇ ತೊಳೆದು, ಸಿಪ್ಪೆ ಸುಲಿದು ಕೊಡುತ್ತಿದ್ದರು. ಬೀದಿಯಲ್ಲಿ ಹೆಚ್ಚಿಟ್ಟ ಪಪ್ಪಾಯ ಮಾತ್ರ ಬೇಡ. ಮೊಸರನ್ನ ಯಾವಾಗ ಶುರು ಮಾಡಬಹುದು ಅಂತ ಪ್ರತಿ ಸಲ ಡಾಕ್ಟರನ್ನೇ ಕೇಳುತ್ತಿದ್ದರು. ನನಗಿಂತ ಅವರಿಗೇ ಅದರ ಚಿಂತೆ ಜಾಸ್ತಿ.

ಪ್ರೀತಿಯಿಂದ ಬಂದವರು ಪಪ್ಪಾಯ ಎಲೆ ರಸ, ಗೋಧಿ ಹುಲ್ಲಿನ ರಸ, ಕಬ್ಬಿಣದ ಟಾನಿಕ್ ತರುತ್ತಿದ್ದರು. ಯಾರ ಮನಸ್ಸೂ ನೋಯದ ಹಾಗೆ ಅತ್ತಿಗೆ ಬಾಗಿಲಲ್ಲೇ ಮಾತಾಡಿ ಕಳಿಸುತ್ತಿದ್ದರು. ಮೇಲಿಂದ ಮೇಲೆ ರಕ್ತ ಹಾಕಿಸಿಕೊಂಡವರ ಮೈಯಲ್ಲಿ ಕಬ್ಬಿಣ ಆಗಲೇ ಜಾಸ್ತಿಯಾಗಿರಬಹುದು. ಕೀಮೋ ಔಷಧದಿಂದ ಲಿವರ್‌ಗೂ ಭಾರ. ಅಂಥದ್ದರಲ್ಲಿ ಯಾವ ರಸ ಏನು ಮಾಡುತ್ತದೋ ಯಾರಿಗೆ ಗೊತ್ತು? ಡಾಕ್ಟರನ್ನು ಕೇಳದೆ ಒಂದು ವಿಟಮಿನ್ ಮಾತ್ರೆಯೂ ಒಳಗೆ ಬರಲಿಲ್ಲ.

ಸ್ಟೆರಾಯ್ಡ್ ದಿನಗಳಲ್ಲಿ ನಡುರಾತ್ರಿ ಹಸಿವಿಗೆ ಅಳು ಬರುತ್ತಿತ್ತು. ಸಕ್ಕರೆಯೂ ಏರುತ್ತಿತ್ತು. ಸಿಹಿ, ಉಪ್ಪು ಕಡಿಮೆ ಮಾಡಿ, ಹೆಸರುಬೇಳೆ, ಬೇಯಿಸಿದ ಕಾಳು ಜಾಸ್ತಿ ಹಾಕಿ ಎದ್ದು ಅಡುಗೆ ಮಾಡುತ್ತಿದ್ದರು. ಆಮೇಲೆ ಎಲ್ಲವೂ ಕಬ್ಬಿಣ ನೆಕ್ಕಿದ ಹಾಗೆ ರುಚಿಸತೊಡಗಿದಾಗ, ಸ್ಟೀಲ್ ಚಮಚ ಎತ್ತಿಟ್ಟು ಪ್ಲಾಸ್ಟಿಕ್ ಚಮಚ ತಂದರು.

ಆ ರಾತ್ರಿಯದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಬಿಳಿ ರಕ್ತಕಣ ಪೂರ್ತಿ ಇಳಿದಿತ್ತು. ಜ್ವರ 100.4 ದಾಟಿದರೆ ತಕ್ಷಣ ಬನ್ನಿ ಅಂದಿದ್ದರು, ಅದಕ್ಕಿಂತ ಎಷ್ಟೋ ಮೇಲೆ ಹೋಗಿ ಅಡ್ಮಿಟ್ ಆಗಿದ್ದೆ. ಬಾಯಿ ತುಂಬ ಹುಣ್ಣು. ಉಗುಳು ನುಂಗಿದರೂ ಉರಿ. ನಾನು ಗೋಡೆ ಕಡೆ ತಿರುಗಿ, ಸಾಕು, ನನ್ನನ್ನು ಬಿಟ್ಟುಬಿಡಿ ಅಂದೆ. ಆ ಹೊತ್ತಿಗೆ ಅದು ನಿಜವಾಗಿಯೂ ನನ್ನ ಮನಸ್ಸಿನ ಮಾತು.

ಅತ್ತಿಗೆ ಸಮಾಧಾನ ಹೇಳಲಿಲ್ಲ. ದೇವರ ಮಾತೂ ಎತ್ತಲಿಲ್ಲ. ಉಪ್ಪು, ಅಡುಗೆ ಸೋಡಾ ಕದಡಿದ ನೀರು ಕೊಟ್ಟು ನನ್ನಿಂದ ಬಾಯಿ ಮುಕ್ಕಳಿಸಿಸಿದರು. ತೆಳ್ಳಗೆ ಸೋಸಿ ತಣ್ಣಗೆ ಮಾಡಿದ ರಾಗಿ ಗಂಜಿ ಹಿಡಿದು, "ಒಂದು ಚಮಚ" ಅಂದರು. ಅರ್ಧ ಗಂಟೆ ಬಿಟ್ಟು ಮತ್ತೆ, "ಒಂದು ಚಮಚ". ನಾನು ಬೈದೆ. ಅವರು ಹೋಗಲಿಲ್ಲ. ಬೆಳಗಾಗುವಷ್ಟರಲ್ಲಿ ಆ ಲೋಟ ಖಾಲಿಯಾಗಿತ್ತು.

ನನ್ನನ್ನು ಉಳಿಸಿದ್ದು ಔಷಧ. ಅದರಲ್ಲಿ ನನಗೆ ಅನುಮಾನವಿಲ್ಲ. ಊಟದಿಂದ ಲ್ಯುಕೇಮಿಯ ಹೋಗುವುದಿಲ್ಲ. ಆದರೆ ತೂಕ ಇಳಿದು ಮೈ ಸೋತರೆ ಮುಂದಿನ ಕೀಮೋ ತಡೆದುಕೊಳ್ಳುವುದು ಕಷ್ಟ ಅಲ್ವಾ? ಆ ಶಕ್ತಿ ನನಗೆ ಬಂದದ್ದು ಅತ್ತಿಗೆಯ ಕೈಯಿಂದ.

ಅತ್ತಿಗೆ, ನಿಮ್ಮ ಮಕ್ಕಳ ಪರೀಕ್ಷೆ, ನಿಮ್ಮ ಬೆನ್ನುನೋವು ಎಲ್ಲ ಬದಿಗಿಟ್ಟು ಬಂದಿರಿ. ಎದುರಿಗೆ ಹೇಳಲು ಹೋದರೆ ನೀವು ಮಾತು ಬದಲಿಸುತ್ತೀರಿ, ಅದಕ್ಕೆ ಇಲ್ಲಿ ಎಲ್ಲರ ಮುಂದೆ ಬರೆದಿದ್ದೇನೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಈಗ ಕೀಮೋ ನಡೆಯುತ್ತಿದ್ದರೆ ಫೋನ್ ಮಾಡಿ. ಏನು ಅಡುಗೆ ಮಾಡಬೇಕು ಅಂತ ನಿಮ್ಮ ಡಾಕ್ಟರೇ ಹೇಳಬೇಕು. ಹೇಗೆ ತಿನ್ನಿಸಬೇಕು ಅಂತ ಅತ್ತಿಗೆ ಹೇಳಿಕೊಡುತ್ತಾರೆ, ಕೇಳಿದ್ದೇನೆ, ಒಪ್ಪಿದ್ದಾರೆ.