ನನ್ನ ಎಡಪಕ್ಕೆಯನ್ನು ಕಾಪಾಡಿದವರಿಗೆ

ಕಳೆದ ತಿಂಗಳ ಕೊನೆಗೆ ಅರವತ್ತು ತುಂಬಿ ಕೆಎಸ್‌ಆರ್‌ಟಿಸಿ ಕಂಡಕ್ಟರ್ ಕೆಲಸದಿಂದ ನಿವೃತ್ತನಾದೆ. ಡಿಪೋದವರು ಹಾರ ಹಾಕಿದರು, ಪೇಟ ಇಟ್ಟರು. ಶಾಲನ್ನು ಮಾತ್ರ ಹೊದಿಸದೆ ಮಡಿಸಿ ಕೈಗೆ ಕೊಟ್ಟರು. ನೋಡಿದವರಿಗೆ ಅದರಲ್ಲಿ ವಿಶೇಷ ಏನೂ ಕಂಡಿರಲಿಕ್ಕಿಲ್ಲ. ನನಗೆ ಗಂಟಲು ಕಟ್ಟಿತು, ಮೈಕ್ ಕೈಗೆ ಬಂದರೂ ಮಾತು ಹೊರಡಲಿಲ್ಲ. ನನ್ನ ಎಡಪಕ್ಕೆಗೆ ಬಟ್ಟೆಯ ಅಂಚು ಸೋಕಿದರೂ ಏನಾಗುತ್ತದೆ ಅಂತ ಅವರಿಗೆಲ್ಲ ಗೊತ್ತಿತ್ತು. ಅವರಿಗೆ, ನಮ್ಮ ಹಾಸನ–ಬೇಲೂರು–ಚಿಕ್ಕಮಗಳೂರು ರೂಟಿನ ಪ್ರಯಾಣಿಕರಿಗೆ, ಮನೆಯವರಿಗೆ ಆವತ್ತು ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ.

2023ರ ಮಳೆಗಾಲದಲ್ಲಿ ನನಗೆ ಸರ್ಪಸುತ್ತು ಆಯಿತು. ಎಡಗಡೆ ಎದೆಯ ಕೆಳಗಿಂದ ಶುರುವಾಗಿ, ಪಕ್ಕೆಯ ಮೇಲೆ ಹಾದು, ಬೆನ್ನುಮೂಳೆಯವರೆಗೆ ಒಂದು ಅಂಗೈ ಅಗಲ ಗುಳ್ಳೆಗಳು. ನಮ್ಮೂರಲ್ಲಿ ಸರ್ಪಸುತ್ತಿಗೆ ಕಾವಿ ಹಚ್ಚಿಕೊಡುವ ಹಿರಿಯರೊಬ್ಬರಿದ್ದಾರೆ. ಮೊದಲ ನಮಸ್ಕಾರ ಅವರಿಗೆ. ಅಮ್ಮನ ಮಾತಿಗೆ ಹೋಗಿ ಅವರ ಮುಂದೆ ಕೂತರೆ, ಗುಳ್ಳೆ ನೋಡಿದ ತಕ್ಷಣ ಎದ್ದು ನಿಂತರು. "ಕಾವಿ ಆಮೇಲೂ ಹಚ್ಬೋದು ಕಣಪ್ಪ. ನೀನು ಮೊದ್ಲು ದೊಡ್ಡಾಸ್ಪತ್ರೆಗೆ ಹೋಗು. ಮೂರು ದಿನದೊಳ್ಗೆ ಮಾತ್ರೆ ಬೀಳ್ಬೇಕು" ಅಂತ ಹೇಳಿ ನನ್ನನ್ನು ಬಸ್ಸು ಹತ್ತಿಸಿಯೇ ಮನೆಗೆ ಹೋದರು. ಅವರು ಹೇಳಿದ್ದು ಸರಿಯಾಗಿತ್ತು. ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ಅಡಗಿಸುವ ಮಾತ್ರೆ ಶುರುವಾದರೆ ಅದರ ಗುಣ ಹೆಚ್ಚು. ನನಗೆ ಎರಡನೇ ದಿನವೇ ಶುರುವಾಯಿತು, ಗುಳ್ಳೆ ಬೇಗ ಒಣಗಿದವು. ನೋವು ಮಾತ್ರ ಹೋಗಲಿಲ್ಲ. ಬೇಗ ಮಾತ್ರೆ ತಗೊಂಡವರಲ್ಲೂ ಕೆಲವರಿಗೆ ಹೀಗಾಗುತ್ತದಂತೆ.

ಚಿಕ್ಕಂದಿನಲ್ಲಿ ಸೀತಾಳೆ ಸಿಡುಬು ತಂದ ವೈರಸ್ಸೇ ಬೆನ್ನುಮೂಳೆಯ ಪಕ್ಕದ ನರಗಂಟುಗಳಲ್ಲಿ ವರ್ಷಾನುಗಟ್ಟಲೆ ಅಡಗಿ ಕೂತಿರುತ್ತದೆ. ವಯಸ್ಸಾಗಿ ಮೈಯ ಕಸುವು ಕುಗ್ಗಿದಾಗ ಎದ್ದು, ಒಂದು ನರದ ದಾರಿ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಸಾಮಾನ್ಯವಾಗಿ ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯ ಹಾಗೆ ಏಳುವುದು. ಹಾವಿನ ಹೆಡೆ ಬಾಲ ಕೂಡಿದರೆ ಜೀವ ಉಳಿಯುವುದಿಲ್ಲ ಅಂತ ಅಮ್ಮ ರಾತ್ರಿಯೆಲ್ಲ ದೀಪ ಹಚ್ಚಿಟ್ಟುಕೊಂಡು ನನ್ನ ಬೆನ್ನು ನೋಡುತ್ತಿದ್ದರು. ಡಾಕ್ಟರು ಅಮ್ಮನನ್ನು ಒಳಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು, ಅವರ ಬೆನ್ನಿನ ಮೇಲೇ ಬೆರಳಿಟ್ಟು ನರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತೋರಿಸಿದರು. ಹೊರಗೆ ಅಷ್ಟು ಜನ ಕಾಯುತ್ತಿದ್ದರೂ ಒಬ್ಬ ಮುದುಕಿಯ ಹೆದರಿಕೆಗೆ ಅಷ್ಟು ಹೊತ್ತು ಕೊಟ್ಟ ಆ ಡಾಕ್ಟರನ್ನು ನಾನು ಮರೆಯುವವನಲ್ಲ.

ಮೂರು ತಿಂಗಳು ಕಳೆದರೂ ನೋವು ನಿಲ್ಲದಿದ್ದಾಗ ಅದಕ್ಕೆ ಪೋಸ್ಟ್ ಹರ್ಪಿಟಿಕ್ ನ್ಯೂರಾಲ್ಜಿಯಾ ಅನ್ನುತ್ತಾರೆ ಅಂತ ಅವರೇ ಹೇಳಿದರು. ವೈರಸ್ ಆ ನರವನ್ನು ಕೆಡಿಸಿ ಹೋಗಿದೆ, ಇನ್ನು ಅದು ಸುಮ್ಮನೆ ಸುದ್ದಿ ಕಳಿಸುತ್ತಿರುತ್ತದೆ. "ಕಂಡಕ್ಟ್ರೇ, ಯಾರೂ ಹಗ್ಗ ಎಳೀದೇನೇ ಬೆಲ್ ಹೊಡ್ಕೊಳ್ತಾ ಇರೋ ಬಸ್ಸು ಇದು" ಅಂದರು. ಅಷ್ಟು ಹೇಳಿದ್ದೇ ನನಗೆ ಎಲ್ಲ ಅರ್ಥವಾಯಿತು. ಗಾಯ ಇಲ್ಲ, ಎಕ್ಸ್‌ರೇಯಲ್ಲಿ ಏನೂ ಇಲ್ಲ, ನೋವು ಮಾತ್ರ ನಿಜ.

ಇದನ್ನು ಅನುಭವಿಸದವರಿಗೆ ಹೇಗೆ ಹೇಳುವುದು? ಅಂಗೈಯಿಂದ ಗಟ್ಟಿಯಾಗಿ ಅದುಮಿದರೆ ತಡೆಯಬಹುದು. ಹಗುರವಾಗಿ ಏನಾದರೂ ಸವರಿದರೆ ಉಸಿರು ನಿಂತುಹೋಗುತ್ತದೆ. ಫ್ಯಾನಿನ ಗಾಳಿ, ಬನಿಯನ್ನಿನ ಹೊಲಿಗೆ, ಮೈ ಒರೆಸುವ ಟವೆಲ್ಲು, ಮೊಮ್ಮಗನ ಬೆರಳು. ನನ್ನ ಕೆಲಸವೋ, ತುಂಬಿದ ಬಸ್ಸಿನಲ್ಲಿ ಜನರ ನಡುವೆ ನುಗ್ಗಿ ಹೋಗುವುದು.

ಮಾತ್ರೆ ಮೈಗೆ ಒಗ್ಗುವ ತನಕ ಡಿಪೋದಲ್ಲಿ ಲೈಟ್ ಡ್ಯೂಟಿ ಕೊಟ್ಟರು. ಸರ್ಟಿಫಿಕೇಟ್ ಇತ್ತು ನಿಜ, ಆದರೆ ಸರ್ಟಿಫಿಕೇಟ್ ನೋಡಿ ಕೊಡುವುದಕ್ಕೂ ಮನುಷ್ಯನನ್ನು ನಂಬಿ ಕೊಡುವುದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋವಿದ್ದವನಿಗೇ ಗೊತ್ತು. "ಗುಳ್ಳೆ ಹೋಯ್ತಲ್ಲ, ಇನ್ನೂ ಏನು ನೋವು" ಅಂತ ಹೊರಗೆ ಅಲ್ಲಲ್ಲಿ ಕೇಳಿದವರಿದ್ದರು. ಡಿಪೋದಲ್ಲಿ ಯಾರೂ ಕೇಳಲಿಲ್ಲ. ಡ್ಯೂಟಿ ಹಂಚುವ ಸಹೋದ್ಯೋಗಿ ನಾನು ಬಾಯಿ ಬಿಡುವ ಮುಂಚೆಯೇ ನೈಟ್ ಹಾಲ್ಟ್ ಪಟ್ಟಿಯಿಂದ ನನ್ನ ಹೆಸರು ತೆಗೆದಿದ್ದರು. ಈ ನೋವು ರಾತ್ರಿಯೇ ಹೆಚ್ಚು ಅಂತ ಯಾರೋ ಅವರಿಗೆ ಹೇಳಿದ್ದರಂತೆ.

ಮತ್ತೆ ರೂಟಿಗೆ ಬಂದ ಮೇಲೆ ನಡೆದದ್ದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ನಮ್ಮ ರೂಟಿನಲ್ಲಿ ಹೆಣ್ಣುಮಕ್ಕಳ ಓಡಾಟ ಹೆಚ್ಚಿತ್ತು. ಬೆಳಗಿನ ಟ್ರಿಪ್ಪಿನಲ್ಲಿ ಹೂವು ಮಾರುವವರು, ಗಾರ್ಮೆಂಟ್ಸ್‌ಗೆ ಹೋಗುವವರು, ಕಾಲೇಜು ಹುಡುಗಿಯರು. ಹಗರೆ ಬರುವ ಹೊತ್ತಿಗೆ ನಿಲ್ಲಲು ಜಾಗ ಇರುತ್ತಿರಲಿಲ್ಲ. ಒಂದು ದಿನ ಒಬ್ಬ ಹುಡುಗಿಯ ಬೆನ್ನುಚೀಲ ನನ್ನ ಪಕ್ಕೆಗೆ ಉಜ್ಜಿತು, ನಾನು ಸೀಟಿನ ಕಂಬಿ ಹಿಡಿದು ಕಣ್ಣು ಮುಚ್ಚಿ ನಿಂತುಬಿಟ್ಟೆ. ಹೂವಿನ ಬುಟ್ಟಿ ಇಟ್ಟುಕೊಂಡಿದ್ದ ಅಕ್ಕ ಒಬ್ಬರು ನೋಡಿದರು. ಏನು ಎತ್ತ ಅಂತ ಕೇಳಿ ತಿಳಿದುಕೊಂಡರು. ಮಾರನೇ ದಿನ ಬಸ್ಸು ಹತ್ತಿದವರೇ ದೊಡ್ಡ ದನಿಯಲ್ಲಿ, "ಎಲ್ರೂ ಬ್ಯಾಗು ಎದೆ ಮುಂದಕ್ಕೆ ಹಾಕ್ಕೊಳ್ರೇ! ಕಂಡಕ್ಟ್ರಣ್ಣನಿಗೆ ಎಡಗಡೆ ನರದ ನೋವು. ಆ ಕಡೆ ಯಾರೂ ತಾಗ್ಬೇಡಿ" ಅಂದರು.

ಆಮೇಲೆ ಅದೇ ನಿಯಮವಾಯಿತು. ಹುಡುಗಿಯರು ಹತ್ತುವಾಗಲೇ ಬ್ಯಾಗು ಮುಂದಕ್ಕೆ ತಿರುಗಿಸಿಕೊಳ್ಳುತ್ತಿದ್ದರು. ನಾನು ಹಿಂದೆ ಹೋಗುವ ಬದಲು ಆಧಾರ್ ಕಾರ್ಡ್‌ಗಳೇ ಕೈಯಿಂದ ಕೈಗೆ ಮುಂದೆ ಬರುತ್ತಿದ್ದವು, ಶೂನ್ಯ ಟಿಕೆಟ್‌ಗಳು ಹಾಗೇ ಹಿಂದೆ ಹೋಗುತ್ತಿದ್ದವು. ಹೂವಿನ ಅಕ್ಕ ಎರಡು ಸೀಟಿನ ಕಂಬಿಗೆ ಎರಡು ಕೈ ಕೊಟ್ಟು, ನನ್ನ ಎಡಕ್ಕೆ ಬೆನ್ನು ಮಾಡಿ ಅಡ್ಡ ನಿಲ್ಲುತ್ತಿದ್ದರು. ಬ್ರೇಕ್ ಬಿದ್ದಾಗ ಇಡೀ ಗುಂಪಿನ ಭಾರ ಅವರ ಮೈಮೇಲೆ ಬೀಳುತ್ತಿತ್ತು, ನನ್ನ ಮೇಲೆ ಬೀಳುತ್ತಿರಲಿಲ್ಲ. ಅವರ ಮೊಣಕೈ ಕಂಬಿಗೆ ಒತ್ತಿ ಕಪ್ಪಗಾಗಿದ್ದನ್ನು ನಾನು ನೋಡಿದ್ದೇನೆ. ಬೇಡಮ್ಮ ಅಂದರೆ, "ನೀವು ಚಿಲ್ಲರೆ ಇಲ್ದಾಗ ನಮ್ಮನ್ನ ಇಳಿಸಿದ್ರಾ?" ಅಂತ ಕೇಳಿದರು. ಅಕ್ಕಾ, ನಿಮ್ಮ ಋಣ ನಾನು ತೀರಿಸಲಾರೆ.

ನನ್ನ ಜೊತೆ ಹೆಚ್ಚು ಕಾಲ ದುಡಿದ ಡ್ರೈವರ್ ಅಣ್ಣ ಮಾತು ಕಡಿಮೆ. ಪ್ರತಿ ಹಂಪಿಗೆ ಮುಂಚೆ ಒಂದು ಸಲ ಚಿಕ್ಕದಾಗಿ ಹಾರ್ನ್ ಹೊಡೆಯುತ್ತಿದ್ದರು. ಅದು ರಸ್ತೆಗೆ ಹೊಡೆದದ್ದಲ್ಲ, ನನಗೆ. ನಾನು ಆಗ ಅಂಗೈಯನ್ನು ಪಕ್ಕೆಗೆ ಗಟ್ಟಿಯಾಗಿ ಒತ್ತಿ ಹಿಡಿಯುತ್ತಿದ್ದೆ. ಒತ್ತಿದರೆ ಯಾಕೆ ನೋವು ತಗ್ಗುತ್ತದೆ ಅಂತ ಫಿಸಿಯೋಥೆರಪಿಸ್ಟ್ ಆಮೇಲೆ ವಿವರಿಸಿದರು. ರೊನಾಲ್ಡ್ ಮೆಲ್ಜಾಕ್, ಪ್ಯಾಟ್ರಿಕ್ ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು 1965ರಲ್ಲೇ ಹೇಳಿದ್ದಂತೆ: ಬೆನ್ನುಹುರಿಯಲ್ಲಿ ನೋವಿನ ಸುದ್ದಿಗೆ ಒಂದು ಬಾಗಿಲಿದ್ದ ಹಾಗೆ, ಒತ್ತಡ ಸ್ಪರ್ಶದ ಸುದ್ದಿ ಜೋರಾಗಿ ಬಂದರೆ ಆ ಬಾಗಿಲು ಸ್ವಲ್ಪ ಮುಚ್ಚುತ್ತದೆ. ಇದೇ ಫಿಸಿಯೋಥೆರಪಿಸ್ಟ್ ನನಗೆ ಹತ್ತಿ, ಮಲ್ಲು ಬಟ್ಟೆ, ಆಮೇಲೆ ಟವೆಲ್ ಹೀಗೆ ಒಂದೊಂದನ್ನೇ ತಗೊಂಡು ನೋವಿನ ಜಾಗದ ಅಂಚಿನಿಂದ ದಿನವೂ ಸ್ವಲ್ಪ ಸ್ವಲ್ಪ ಸವರಿ ಚರ್ಮಕ್ಕೆ ರೂಢಿ ಮಾಡಿಸಲು ಕಲಿಸಿದರು. ಬೇಗ ಫಲ ಕೊಡುವ ಕೆಲಸ ಅಲ್ಲ. ಕೊಟ್ಟಿದ್ದು ಮಾತ್ರ ನಿಜ.

ಮನೆಯ ವಿಷಯ ಬರೆಯಲು ಹೊರಟರೆ ಮುಗಿಯುವುದಿಲ್ಲ. ನನ್ನ ಮನೆಯವರು ತೊಳೆದು ತೊಳೆದು ಮೆತ್ತಗಾಗಿದ್ದ ನನ್ನ ಹಳೆಯ ಪಂಚೆ ಕತ್ತರಿಸಿ ಮೈಗೆ ಬಿಗಿಯಾಗಿ ಕೂರುವ ಒಳಅಂಗಿ ಹೊಲಿದರು. ಹೊಲಿಗೆಗಳೆಲ್ಲ ಹೊರಮೈಗೆ, ಎಡಪಕ್ಕೆಯ ಮೇಲೆ ಒಂದು ಹೊಲಿಗೆಯೂ ಇಲ್ಲ. ಅದು ಕದಲದೆ ಅಂಟಿ ಕೂತಿದ್ದರಿಂದ ಮೇಲಿನ ಖಾಕಿ ಅಂಗಿ ಎಷ್ಟು ಓಡಾಡಿದರೂ ಚರ್ಮಕ್ಕೆ ಗೊತ್ತಾಗುತ್ತಿರಲಿಲ್ಲ. ಅಂಗಿಗೆ ಗಂಜಿ ಹಾಕುವುದನ್ನು ಬಿಟ್ಟರು, ಸೋಪಿನ ಅಂಶ ಉಳಿಯದಂತೆ ಇನ್ನೊಂದು ಸಲ ನೀರಿಗೆ ಅದ್ದಿದರು. ಸ್ನಾನದಲ್ಲಿ ಬಲ ಹೆಗಲಿನಿಂದ ಬೆಚ್ಚಗಿನ ನೀರು ಇಳಿಸಿ, ಟವೆಲ್ಲನ್ನು ಉಜ್ಜದೆ ಒತ್ತಿ ಒತ್ತಿ ನೀರು ತೆಗೆದರು. ಫ್ಯಾನನ್ನು ಗೋಡೆಗೆ ತಿರುಗಿಸಿಟ್ಟರು.

ಚಳಿಗಾಲದಲ್ಲಿ ಹೊದಿಕೆಯದೇ ದೊಡ್ಡ ಕಷ್ಟವಾಗಿತ್ತು. ಹೊದ್ದರೆ ಕಂಬಳಿ ಸವರುತ್ತದೆ, ಬಿಟ್ಟರೆ ಚಿಕ್ಕಮಗಳೂರು ಕಡೆಯ ಚಳಿಗೆ ನೋವು ಏರುತ್ತದೆ. ಸಂತೆಯಲ್ಲಿ ಮೊರ ಬುಟ್ಟಿ ಮಾರುವ ಮೇದರ ಅಣ್ಣನಿಗೆ ಮನೆಯವರು ಇದನ್ನು ಹೇಳಿದ್ದರು. ಮುಂದಿನ ಸಂತೆಗೆ ಆತ ಬಿದಿರಿನ ಸೀಳಿನಿಂದ ಅರ್ಧ ಕಮಾನಿನ ಬುಟ್ಟಿಯೊಂದನ್ನು ಹೆಣೆದು ತಂದ. ಎದೆಯ ಮೇಲೆ ಅದನ್ನು ಕವುಚಿಟ್ಟು ಅದರ ಮೇಲೆ ಕಂಬಳಿ ಹೊದಿಸಿದರೆ ಒಳಗೆ ಬೆಚ್ಚಗೆ, ಚರ್ಮಕ್ಕೆ ಏನೂ ತಾಗದು. ಸೀಳಿನ ತುದಿಗಳನ್ನು ಕೈಗೆ ಚುಚ್ಚದಂತೆ ಒಳಕ್ಕೆ ಮಡಿಸಿದ್ದ. ದುಡ್ಡು ಎಷ್ಟು ಕೊಟ್ಟರೂ ತಗೊಳ್ಳಲಿಲ್ಲ. ಆ ಬುಟ್ಟಿಯಡಿ ನಾನು ಎಷ್ಟೋ ದಿನಗಳ ಮೇಲೆ ಬೆಳಗಿನವರೆಗೆ ನಿದ್ದೆ ಮಾಡಿದೆ. ನಿದ್ದೆ ಬಾರದ ರಾತ್ರಿಗಳಲ್ಲಿ ನಮ್ಮ ರೂಟಿನ ಸ್ಟೇಜುಗಳನ್ನು ಒಂದೊಂದಾಗಿ ನೆನೆಯುತ್ತಿದ್ದೆ, ಒಂದು ಸ್ಟೇಜಿಗೆ ಒಂದು ಉಸಿರು, ಬಿಡುವಾಗ ನಿಧಾನ. ಚಿಕ್ಕಮಗಳೂರು ತಲುಪುವಷ್ಟರಲ್ಲಿ ಎದೆಬಡಿತ ಇಳಿದಿರುತ್ತಿತ್ತು. ಇದು ಮಗಳು ಹೇಳಿಕೊಟ್ಟದ್ದು.

ಮಗಳು ನರ್ಸಿಂಗ್ ಓದಿದವಳು. ಆ ಜಾಗದ ಚರ್ಮಕ್ಕೆ ಒಂದೊಂದು ಕಡೆ ಸ್ಪರ್ಶವೇ ಗೊತ್ತಾಗುವುದಿಲ್ಲ, ಬಿಸಿನೀರಿನ ಚೀಲ ಇಟ್ಟರೆ ಸುಟ್ಟರೂ ತಿಳಿಯದು ಅಂತ ಅದನ್ನು ಎತ್ತಿಟ್ಟವಳು ಅವಳೇ. ಮಣ್ಣಿನ ಮಡಕೆಯ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆ ನನಗೆ ಹಿತವಾಗುತ್ತಿತ್ತು. ಕೆಲವರಿಗೆ ತಣ್ಣಗಿದ್ದರೇ ನೋವು ಏರುತ್ತದಂತೆ, ಅವರವರ ಮೈಯನ್ನು ಅವರವರೇ ನೋಡಿಕೊಳ್ಳಬೇಕು. ಮೆಣಸಿನಕಾಯಿಯ ಖಾರದ ಸತ್ವದಿಂದ ಮಾಡಿದ ಕ್ಯಾಪ್ಸೈಸಿನ್ ಮುಲಾಮನ್ನು ಡಾಕ್ಟರು ಬರೆದಾಗ ಅಮ್ಮ ಗಾಬರಿಯಾದರು. ಆ ಖಾರ ಯಾವ ದಾರಿಯಿಂದ ಉರಿಯಾಗಿ ತಿಳಿಯುತ್ತದೆ ಅಂತ ಕಂಡುಹಿಡಿದದ್ದಕ್ಕೇ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂದಿದ್ದು, ಹಚ್ಚುತ್ತಾ ಹೋದರೆ ಅಲ್ಲಿನ ನರದ ತುದಿಗಳು ಮಂಕಾಗುತ್ತವೆ ಅಂತ ಮಗಳು ಅಜ್ಜಿಗೆ ಹೇಳಿ ಒಪ್ಪಿಸಿದಳು, ಗ್ಲೌಸ್ ಹಾಕಿಕೊಂಡು ಹಚ್ಚಿದಳು. ಮನೆಯ ಖಾರದಪುಡಿಯಲ್ಲಿ ಯಾರೂ ಈ ಪ್ರಯೋಗ ಮಾಡಬೇಡಿ.

ಮಾಮೂಲಿ ನೋವಿನ ಮಾತ್ರೆಗೆ ಇದು ಬಗ್ಗುವುದು ಕಡಿಮೆ. ನನಗೆ ಕೊಟ್ಟಿದ್ದು ಗ್ಯಾಬಾಪೆಂಟಿನ್, ರಾತ್ರಿ ಸಣ್ಣ ಪ್ರಮಾಣದಿಂದ ಶುರುಮಾಡಿ ನಿಧಾನಕ್ಕೆ ಏರಿಸಿದರು. ಮೊದಮೊದಲು ತಲೆ ತಿರುಗುತ್ತದೆ, ತಾನೇ ನಿಲ್ಲಿಸಲೂಬಾರದು, ಇಳಿಸುವುದೂ ಹಂತಹಂತವಾಗಿಯೇ. ಬಸ್ ನಿಲ್ದಾಣದ ಹತ್ತಿರದ ಮೆಡಿಕಲ್ ಸ್ಟೋರಿನ ತಮ್ಮ, ನಾನು ಎದೆಯುರಿಗೆ ಕುಡಿಯುವ ಸಿರಪ್ ಕೇಳಿದಾಗ ಹಳೇ ಚೀಟಿ ತೆಗೆದು ನೋಡಿ, ಎರಡೂ ಒಟ್ಟಿಗೆ ಬೇಡ, ಸಿರಪ್ ಕುಡಿದು ಎರಡು ಗಂಟೆ ಆದ ಮೇಲೆ ಆ ಮಾತ್ರೆ ತಗೊಳ್ಳಿ, ಇಲ್ಲದಿದ್ದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ ಅಂದ. ಎಷ್ಟೋ ಜನ ಕೌಂಟರಿನಲ್ಲಿ ಕಾಯುತ್ತಿದ್ದಾಗ ಅಷ್ಟು ನಿಗಾ ಮಾಡಿದ ಹುಡುಗನಿಗೆ ದೇವರು ಒಳ್ಳೆಯದು ಮಾಡಲಿ.

ಅಮ್ಮ ಕುಕ್ಕೆ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತಿದ್ದರು. ಎಲ್ಲರೂ ಹೋಗಿ ತೀರಿಸಿ ಬಂದೆವು. ಮಾತ್ರೆಯ ಡಬ್ಬಿಯೂ ಜೊತೆಯಲ್ಲೇ ಇತ್ತು.

ಈಗ ನೋವು ಪೂರ್ತಿ ಹೋಗಿಲ್ಲ. ಸಂಜೆಯ ಚಳಿಗಾಳಿಗೆ ಉರಿ ಏಳುತ್ತದೆ, ಅಂಗೈ ಒತ್ತಿಕೊಂಡು ಕೂತರೆ ಇಳಿಯುತ್ತದೆ. ಮಾತ್ರೆಯ ಪ್ರಮಾಣ ಕಡಿಮೆಯಾಗಿದೆ. ಮೊಮ್ಮಗ "ತಾತ, ಬಲಗಡೆ" ಅಂತ ಹೇಳಿಕೊಂಡೇ ಬಂದು ತಬ್ಬಿಕೊಳ್ಳುತ್ತಾನೆ. ಸರ್ಪಸುತ್ತಿಗೆ ಐವತ್ತು ದಾಟಿದವರಿಗೆ ಕೊಡುವ ಶಿಂಗ್ರಿಕ್ಸ್ ಲಸಿಕೆ 2023ರಲ್ಲೇ ಭಾರತಕ್ಕೂ ಬಂದಿದೆ, ಎರಡು ಡೋಸು. ಬೆಲೆ ನಮ್ಮಂಥವರಿಗೆ ಭಾರವೇ. ಆದರೂ ಐವತ್ತು ದಾಟಿದ ಡ್ರೈವರ್ ಕಂಡಕ್ಟರ್ ಬಂಧುಗಳು ಒಂದು ಸಲ ನಿಮ್ಮ ಡಾಕ್ಟರನ್ನು ಕೇಳಿ ನೋಡಿ ಅಂತ ಕೈಮುಗಿದು ಹೇಳುತ್ತೇನೆ. ನನ್ನ ಡ್ರೈವರ್ ಅಣ್ಣ ಹಾಕಿಸಿಕೊಂಡರು, ಅದು ನನಗೆ ದೊಡ್ಡ ಸಮಾಧಾನ.

ಒಬ್ಬರು ಉಳಿದರು. ಕಂಡಕ್ಟರ್ ಚೀಲದ ಪಟ್ಟಿ ಬಲ ಹೆಗಲಿನಿಂದ ಎದೆಗೆ ಅಡ್ಡಲಾಗಿ ಹಾದು ಎಡಪಕ್ಕೆಯ ಮೇಲೇ ಬರುತ್ತದೆ, ಸರಿಯಾಗಿ ನೋವಿನ ಜಾಗಕ್ಕೆ. ಈ ಪಟ್ಟಿಯಿಂದಾಗಿ ಕೆಲಸವನ್ನೇ ಬಿಡಬೇಕಾಗುತ್ತದೇನೋ ಅಂತ ನಾನು ನಿಲ್ದಾಣದ ಎದುರು ಚಪ್ಪಲಿ ಹೊಲಿಯುವ ಅಣ್ಣನ ಹತ್ತಿರ ಹೇಳಿಕೊಂಡಿದ್ದೆ. ಆತ ಚೀಲ ಇಸಕೊಂಡು ಪಟ್ಟಿ ಬಿಚ್ಚಿ, ಹಳೆ ಬೆಲ್ಟಿನ ತುಂಡು ಸೇರಿಸಿ, ಬಕಲ್ ಹಾಕಿ, ಸೊಂಟಕ್ಕೆ ಕಟ್ಟಿಕೊಳ್ಳುವ ಹಾಗೆ ಹೊಲಿದುಕೊಟ್ಟರು. ಚಿಲ್ಲರೆಯ ಭಾರಕ್ಕೆ ಜಗ್ಗದಂತೆ ಬಲಗಡೆ ಇನ್ನೊಂದು ಎಳೆ ದಾರ ಕೊಟ್ಟು ಬಿಗಿ ಮಾಡಿದರು, ನನ್ನ ಸೊಂಟಕ್ಕೆ ಕಟ್ಟಿ ನಾಲ್ಕು ಹೆಜ್ಜೆ ನಡೆಸಿ ನೋಡಿದರು. ಸಾಹೇಬರೂ ಒಪ್ಪಿದರು. ಆ ಪಟ್ಟಿಯಿಂದಲೇ ನಾನು ಕೊನೆಯ ದಿನದವರೆಗೆ ಟಿಕೆಟ್ ಕೊಟ್ಟೆ. ಬೆನ್ನಿಗೋ ಪಕ್ಕೆಗೋ ಹೆಗಲಿಗೋ ನೋವಿರುವ ಕಂಡಕ್ಟರುಗಳು ಯಾರಿದ್ದರೂ ಆ ಅಣ್ಣನ ಹತ್ತಿರ ಹೋಗಿ. ಸೊಂಟದ ಪಟ್ಟಿ ಅಂದರೆ ಸಾಕು, ಅಳತೆ ಅವರೇ ತಗೊಳ್ಳುತ್ತಾರೆ.